ಆಪರೇಷನ್ ಆದ್ಮೇಲೆ ಅಮ್ಮನ ಕೆನ್ನೆ ಚರ್ಮ ಪ್ಲಾಸ್ಟರ್ ಜೊತೆಗೇ ಕಿತ್ತು ಬಂದಿದೆ, ಇದು ಮಾಮೂಲಾ?

ತುಂಗಾ ದಡ
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಅಮ್ಮನಿಗೆ 71 ವರ್ಷ. ಬೆನ್ನುಮೂಳೆ ಹತ್ರ ನರ ಒತ್ತಿಕೊಂಡು ಎಡಗಾಲು ಎಳೆದುಕೊಂಡು ನಡೀತಿದ್ರು. ಹೋದ ಸೋಮವಾರ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯ್ತು. ಬೋರಲು ಮಲಗಿಸಿ ನಾಲ್ಕೂವರೆ ಗಂಟೆ. ಬೆನ್ನಿನ ಕೆಲಸ ಚೆನ್ನಾಗೇ ಆಗಿದೆ. ಮೂರನೇ ದಿನಕ್ಕೆ ವಾಕರ್ ಹಿಡಿದು ನಡೆದ್ರು, ಆ ಸರ್ಜನ್‌ಗೆ ಕೈ ಮುಗೀತೀನಿ.

ಆದ್ರೆ ಅವತ್ತು ವಾರ್ಡಿಗೆ ಕರ್ಕೊಂಡು ಬಂದಾಗ ಮುಖ ನೋಡಿ ಎದೆ ಧಸಕ್ಕಂತು. ಬಾಯಿ ಮೂಲೆಯಿಂದ ಬಲಕಿವಿ ಕಡೆಗೆ ಎರಡು ಬೆರಳಗಲ ಚರ್ಮವೇ ಇಲ್ಲ, ಕೆಂಪಗೆ ಹಸಿ ಹಸಿ. ಬಲಗಣ್ಣಿನ ಕೆಳರೆಪ್ಪೆ ಅಂಚು ಹರಿದಿದೆ, ರೆಪ್ಪೆಕೂದಲು ಅರ್ಧ ಇಲ್ಲ. ಕೇಳಿದ್ದಕ್ಕೆ "ಉಸಿರಾಟದ ಟ್ಯೂಬಿಗೆ ಹಾಕಿದ್ದ ಪ್ಲಾಸ್ಟರ್ ತೆಗೀವಾಗ ಹೀಗಾಗುತ್ತೆ, ವಯಸ್ಸಾದ ಚರ್ಮ, ಮುಲಾಮು ಹಚ್ಚಿ" ಅಂದ್ರು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಈ ಬಗ್ಗೆ ಒಂದಕ್ಷರ ಇಲ್ಲ. ಮನೆಗೆ ಬಂದ ದಿನ ಕುಂಕುಮ ಇಟ್ಕೊಳ್ಳೋಕೆ ಅಂತ ಅಮ್ಮ ಕನ್ನಡಿ ಕೇಳಿದ್ರು. ನೋಡ್ಕೊಂಡು, ಏನೂ ಮಾತಾಡ್ದೆ ಕನ್ನಡಿ ಕವುಚಿಟ್ರು. ಈಗ ಯಾರಾದ್ರೂ ನೋಡೋಕೆ ಬಂದ್ರೆ ಗೋಡೆ ಕಡೆ ತಿರುಗಿ ಮಲಗ್ತಾರೆ.

ಅಮ್ಮನಿಗೆ ಉಬ್ಬಸ ಇದೆ, ಏಳೆಂಟು ವರ್ಷದಿಂದ ಆಗಾಗ ಸ್ಟೀರಾಯ್ಡ್ ಮಾತ್ರೆ ತಗೋತಾರೆ. ಇದು ನಿರ್ಲಕ್ಷ್ಯವಾ, ಇಲ್ಲಾ ನಿಜವಾಗ್ಲೂ ಎಲ್ರಿಗೂ ಆಗೋದಾ? ಇನ್ನೊಂದು ಭಯ: ಎರಡು ತಿಂಗಳಿಗೆ ಅದೇ ಬಲಗಣ್ಣಿಗೆ ಪೊರೆ ಆಪರೇಷನ್ ಇದೆ. ಮತ್ತೆ ಅದೇ ಜಾಗಕ್ಕೆ ಪ್ಲಾಸ್ಟರ್ ಹಾಕ್ತಾರಲ್ಲ?

ಮಂಡ್ಯದ ಮಣ್ಣು
ಅಣ್ಣ, ಇದು ಪ್ಲಾಸ್ಟರ್ ಅಲ್ಲ, ಕರೆಂಟಲ್ಲಿ ಸುಟ್ಟಿರದು. ನಮ್ ಮಾವಂಗೂ ಹಿಂಗೇ ಆಗಿತ್ತು, ತೊಡೆ ಮೇಲೆ ದೊಡ್ಡ ಬೊಬ್ಬೆ. ಸುಳ್ಳು ಹೇಳ್ತಾವ್ರೆ, ಬಿಡ್ಬೇಡಿ.

ಅಗಲದ ಆಕಾಶ
ಫೋಟೋ ಹಾಕಿ, ಆಸ್ಪತ್ರೆ ಹೆಸರೂ ಹಾಕಿ. ಎಲ್ರಿಗೂ ಗೊತ್ತಾಗ್ಲಿ.

ವೇದಿಕೆ ನಿರ್ವಾಹಕ
ಆಸ್ಪತ್ರೆ, ವೈದ್ಯರ ಹೆಸರು ಇಲ್ಲಿ ಬೇಡ. ರೋಗಿಯ ಮುಖದ ಫೋಟೋ ಅಂತೂ ಬೇಡವೇ ಬೇಡ. ವಿಷಯ ಮಾತಾಡಿ.

ನಿದ್ದೆ ಡಾಕ್ಟ್ರು
ನಾನು ಅರಿವಳಿಕೆ ವೈದ್ಯೆ, ಈ ಕೆಲಸಕ್ಕೆ ಬಂದು 19 ವರ್ಷ. ಮೊದಲು ಮಂಡ್ಯದವರಿಗೆ: ರಕ್ತ ನಿಲ್ಲಿಸೋ ಕರೆಂಟ್ ಯಂತ್ರದ ಪ್ಲೇಟನ್ನ ತೊಡೆಗೋ ಪೃಷ್ಠಕ್ಕೋ ಅಂಟಿಸ್ತೀವಿ, ಅದು ಸರಿಯಾಗಿ ಕೂರದಿದ್ರೆ ಆ ಜಾಗ ಸುಡೋದುಂಟು. ನಿಮ್ಮ ಮಾವನಿಗೆ ಆಗಿದ್ದು ಅದೇ ಇರಬಹುದು. ಕೆನ್ನೆ ಮೇಲೆ ಪಟ್ಟಿ ಆಕಾರದಲ್ಲಿ, ನೇರ ಅಂಚಿನ ಗಾಯ ಅಂದ್ರೆ ಅದು ಟೇಪಿನದ್ದೇ. ಗಾಯದ ಆಕಾರವೇ ಹೇಳುತ್ತೆ.

ತುಂಗಾ ದಡ ಅವರೇ, ಟೇಪ್ ಯಾಕೆ ಬೇಕು ಅಂತ ಹೇಳ್ತೀನಿ, ಆಮೇಲೆ ಬೈಯೋದಿದ್ರೆ ಬೈಯಿರಿ. ಪೂರ್ತಿ ಮಂಪರಲ್ಲಿ ರೆಪ್ಪೆ ಮಿಟುಕಿಸೋದು ನಿಲ್ಲುತ್ತೆ, ಕಣ್ಣೀರೂ ಕಡಿಮೆ, ಎಷ್ಟೋ ಜನಕ್ಕೆ ಕಣ್ಣು ಪೂರ್ತಿ ಮುಚ್ಚೋದೇ ಇಲ್ಲ. ಹಾಗೇ ಬಿಟ್ರೆ ಕಪ್ಪುಗುಡ್ಡೆ ಒಣಗಿ ಗೀರಾಗುತ್ತೆ. ಅದಕ್ಕೇ ಕಣ್ಣಿಗೆ ಟೇಪ್. ಇನ್ನು ಉಸಿರಿನ ಟ್ಯೂಬ್. ಬೋರಲು ಮಲಗಿಸಿ ಬೆನ್ನು ತೆರೆದಿರೋವಾಗ ಅದು ಜಾರಿ ಬಂದ್ರೆ ಜೀವಕ್ಕೇ ಸಂಚಕಾರ, ತಕ್ಷಣ ತಿರುಗಿಸಿ ಮತ್ತೆ ಹಾಕೋದು ಸುಲಭ ಅಲ್ಲ. ಜೊಲ್ಲು ಇಳಿದು ಟೇಪ್ ನೆನೆಯುತ್ತೆ. ಹಾಗಾಗಿ ನಾವು ಎರಡು ಮೂರು ಸುತ್ತು, ಗಟ್ಟಿ ಅಂಟಿನದ್ದೇ ಹಾಕ್ತೀವಿ. ಕೆಲವರು ಕೆಳಗೆ ಟಿಂಚರ್ ಬೆಂಜೋಯಿನ್ ಅನ್ನೋ ಅಂಟು ದ್ರವ ಕೂಡ ಸವರ್ತಾರೆ. ಅದು ಅಂಟನ್ನ ಇನ್ನೂ ಬಿಗಿ ಮಾಡುತ್ತೆ, ಕೀಳುವಾಗ ಚರ್ಮಕ್ಕೆ ಅಪಾಯವೂ ಅಷ್ಟೇ ಹೆಚ್ಚು. ಗಂಟೆಗಟ್ಟಲೆ ಬೋರಲಿದ್ರೆ ಮುಖ ಊದ್ಕೊಳ್ಳುತ್ತೆ. ಚರ್ಮ ಉಬ್ಬುತ್ತೆ, ಟೇಪ್ ಹಿಗ್ಗಲ್ಲ, ನಡುವೆ ಜಗ್ಗಾಟ.

ಕೊನೆಗೆ ರೋಗಿ ಎಚ್ಚರ ಆಗೋ ಹೊತ್ತಲ್ಲಿ ಕೆಮ್ಮು ಬರುತ್ತೆ, ತಲೆ ಅಲ್ಲಾಡಿಸ್ತಾರೆ, ಟ್ಯೂಬ್ ಬೇಗ ತೆಗೀಬೇಕು. ಆ ಅವಸರದಲ್ಲಿ ಟೇಪನ್ನ ಸರ್ರಂತ ಎಳೆದುಬಿಡ್ತೀವಿ. ನಿಮ್ಮ ತಾಯಿಯ ಗಾಯ ಹೆಚ್ಚಾಗಿ ಆ ಐದು ಸೆಕೆಂಡಲ್ಲಿ ಆಗಿದೆ.

ಹಳೇ ಹುಬ್ಬಳ್ಳಿ
ಕಾಲು ಬಂದಾವ, ಜೀವ ಉಳಿದೈತಿ, ಒಂದೀಟು ತೊಗಲು ಹ್ವಾದ್ರ ಏನಾತ್ರಿ? ಎಂಟು ದಿನದಾಗ ಹೊಸಾದು ಬರತೈತಿ. ಡಾಕ್ಟರ್ ಮಂದೀನ ಸುಮ್ನ ಬೈಬ್ಯಾಡ್ರಿ.

ಕಾಫಿ ತೋಟ
ಹುಬ್ಬಳ್ಳಿಯವರೇ, ಅವರು ಡಾಕ್ಟರನ್ನ ಎಲ್ಲಿ ಬೈದ್ರು? ಕೈ ಮುಗೀತೀನಿ ಅಂತಲೇ ಬರೆದಿದ್ದಾರೆ. ನಿಮ್ಮ ತಾಯಿ ಕನ್ನಡಿ ಕವುಚಿಟ್ಟಿದ್ರೆ ನೀವು "ಏನಾತ್ರಿ" ಅಂತಿದ್ರಾ?

ಹಳೇ ಹುಬ್ಬಳ್ಳಿ
ತಪ್ಪಾತ್ರಿ ಅಕ್ಕಾರ. ಆ ಕನ್ನಡಿ ಮಾತು ನಾ ಸರಿಯಾಗಿ ಓದಿದ್ದಿಲ್ಲ.

ಓಟಿ ಸಿಸ್ಟರ್ ಮೈಸೂರು
ನಾನು ಆಪರೇಷನ್ ಥಿಯೇಟರ್ ನರ್ಸ್. ಡಾಕ್ಟ್ರು ಮೇಡಂ ಹೇಳಿದ್ದು ನಿಜ, ಆದ್ರೆ ಅರ್ಧ ನಿಜ. ಟೇಪ್ ಬೇಕೇ ಬೇಕು, ಒಪ್ಪಿದೆ. ಚರ್ಮ ಕಿತ್ತು ಬರಲೇಬೇಕು ಅಂತೇನೂ ಇಲ್ವಲ್ಲ. ಈ ಗಾಯಕ್ಕೆ ಹೆಸರೇ ಇದೆ, ಚಿಕ್ಕದಾಗಿ "ಮಾರ್ಸಿ" (MARSI) ಅಂತಾರೆ, ಅಂದ್ರೆ ಆಸ್ಪತ್ರೆ ಅಂಟಿನಿಂದ ಚರ್ಮಕ್ಕೆ ಆಗೋ ಗಾಯ. 2013ರಲ್ಲಿ ತಜ್ಞರೆಲ್ಲ ಕೂತು ವ್ಯಾಖ್ಯೆ ಬರೆದ್ರು: ಅಂಟು ತೆಗೆದು 30 ನಿಮಿಷ ಆದ್ಮೇಲೂ ಕೆಂಪು, ಗುಳ್ಳೆ, ತರಚು, ಹರಿದದ್ದು ಇತ್ತು ಅಂದ್ರೆ ಅದು ಗಾಯ, "ಸುಮ್ನೆ ಗುರುತು" ಅಲ್ಲ.

ವಯಸ್ಸಾದವರಲ್ಲಿ ಯಾಕೆ ಅಂದ್ರೆ, ಚರ್ಮದ ಮೇಲ್ಪದರ ಮತ್ತು ಒಳಪದರ ಹರೆಯದಲ್ಲಿ ಬೆರಳಿಗೆ ಬೆರಳು ಹೆಣೆದ ಎರಡು ಕೈಗಳ ಹಾಗೆ ಕಚ್ಕೊಂಡಿರುತ್ತೆ. ವಯಸ್ಸಾಗ್ತಾ ಆ ಹೆಣಿಗೆ ಸಪಾಟಾಗಿ, ಅಂಗೈ ಮೇಲೆ ಅಂಗೈ ಇಟ್ಟಷ್ಟೇ ಆಗುತ್ತೆ. ಆಗ ಮೇಲ್ಪದರ ಒಳಪದರಕ್ಕೆ ಅಂಟಿರೋದಕ್ಕಿಂತ ಟೇಪಿಗೇ ಗಟ್ಟಿಯಾಗಿ ಅಂಟಿರುತ್ತೆ. ಎಳೆದ್ರೆ ಟೇಪ್ ಜೊತೆ ಹೋಗುತ್ತೆ. ಅದರ ಮೇಲೆ ವರ್ಷಾನುಗಟ್ಟಲೆ ಸ್ಟೀರಾಯ್ಡ್ ತಗೊಂಡ ಚರ್ಮ ಈರುಳ್ಳಿ ಸಿಪ್ಪೆ ಥರ. ಇದನ್ನ ಮೊದಲೇ ಕೇಳಿ ಬರ್ಕೋಬೇಕಿತ್ತು. ಮಾತ್ರೆ ಪಟ್ಟಿ ಕೇಳ್ತೀವಿ, ಚರ್ಮ ಯಾರೂ ಮುಟ್ಟಿ ನೋಡಲ್ಲ.

ತೆಗೆಯೋ ರೀತಿ: ಟೇಪನ್ನ ಮೇಲಕ್ಕೆ ಎತ್ತಿ ಎಳೀಬಾರದು. ಅದರ ಬೆನ್ನ ಮೇಲೇ ಮಡಚಿಕೊಂಡು, ಚರ್ಮಕ್ಕೆ ಸಮವಾಗಿ, ಕೂದಲು ಬೆಳೆದ ದಿಕ್ಕಿಗೆ, ನಿಧಾನಕ್ಕೆ. ಇನ್ನೊಂದು ಕೈಯ ಬೆರಳು ಟೇಪ್ ಬಿಟ್ಟ ಜಾಗದ ಚರ್ಮನ ಒತ್ತಿ ಹಿಡೀತಾ ಹಿಂದೆ ಹಿಂದೆ ಬರಬೇಕು. ಅಂಟು ಬಿಡಿಸೋ ಸಿಲಿಕೋನ್ ಸ್ಪ್ರೇ ಇದ್ರೆ ಇನ್ನೂ ಒಳ್ಳೇದು. ಹಾಕುವಾಗಲೂ ಅಷ್ಟೇ, ಎಳೆದು ಬಿಗಿದು ಹಾಕಬಾರದು, ಇಟ್ಟು ಒತ್ತಬೇಕು.

ಮಂಡ್ಯದ ಮಣ್ಣು
ಸಿಸ್ಟರ್, ಒಂದೇ ಸಲ ಪಟ್ಟಂತ ಎಳುದ್ರೆ ನೋವು ಗೊತ್ತಾಗಕಿಲ್ಲ ಅಂತಾರಲ್ಲ? ಊರಲ್ಲೆಲ್ಲ ಹಂಗೇ ಮಾಡದು.

ಓಟಿ ಸಿಸ್ಟರ್ ಮೈಸೂರು
ಇಪ್ಪತ್ತರ ಹುಡುಗನ ಮೊಣಕಾಲಿಗೆ ಹಾಕಿದ ಚಿಕ್ಕ ಪಟ್ಟಿಗೆ ಏನೂ ಆಗಲ್ಲ ಅಣ್ಣ. ಎಪ್ಪತ್ತರ ಅಜ್ಜಿಗೆ, ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ಆ ಕೆಲಸ ಮಾಡಲೇಬೇಡಿ. ಮಂಪರಲ್ಲಿರೋರು "ನೋವು" ಅಂತ ಹೇಳೋಕೂ ಆಗಲ್ಲ.

ನಿದ್ದೆ ಡಾಕ್ಟ್ರು
ಸಿಸ್ಟರ್ ಮಾತು ತಳ್ಳಿಹಾಕಲ್ಲ. ಅರ್ಧ ನಿಜ ಅಂದಿದ್ದೂ ಸರಿ. ನಮ್ಮಲ್ಲಿ ಈಗ ಚರ್ಮ ತೆಳ್ಳಗಿದ್ದವರಿಗೆ ಕೆನ್ನೆ ಮೇಲೆ ಮೊದಲು ತೆಳುವಾದ ಹೈಡ್ರೋಕೊಲಾಯ್ಡ್ ಹಾಳೆ (ಗಾಯಕ್ಕೆ ಹಾಕೋ ಮೆತ್ತನೆ ಡ್ರೆಸ್ಸಿಂಗ್) ಅಂಟಿಸಿ, ಟ್ಯೂಬಿನ ಟೇಪನ್ನ ಅದರ ಮೇಲೆ ಹಾಕ್ತೀವಿ. ಎಳೆತ ಎಲ್ಲ ಹಾಳೆ ಮೇಲೆ. ಆದ್ರೆ ಯಾರಾದ್ರೂ "ಎಲ್ಲದಕ್ಕೂ ಸಿಲಿಕೋನ್ ಟೇಪ್ ಹಾಕಿ" ಅಂದ್ರೆ ನಾನು ಒಪ್ಪಲ್ಲ. ಅದು ಚರ್ಮಕ್ಕೆ ಮೆತ್ತಗೆ, ಹಿಡಿತವೂ ಮೆತ್ತಗೆ. ಬೋರಲಿರೋ ರೋಗಿಯ ಟ್ಯೂಬನ್ನ ಅದರ ಮೇಲೆ ನಂಬಿ ಬಿಡೋಕೆ ನನಗೆ ಧೈರ್ಯ ಇಲ್ಲ.

ಶಾರ್ಜಾ ಕನ್ನಡತಿ
ಇಲ್ಲಿ ನಾನು ಕೆಲಸ ಮಾಡೋ ಕಡೆ ಓಟಿಗೆ ಹೋಗೋ ಮುಂಚೆ, ಬಂದ ಮೇಲೆ ಎರಡು ಸಲ ಚರ್ಮ ನೋಡಿ ಬರೆಯೋ ಕಾಗದ ಇದೆ. ತಲೆಯಿಂದ ಹಿಮ್ಮಡಿವರೆಗೆ. ಗಾಯ ಇದ್ರೆ ಎಲ್ಲಿ, ಎಷ್ಟು ಸೆಂಟಿಮೀಟರ್, ಯಾರು ನೋಡಿದ್ರು. ಊರಲ್ಲಿ ಕೆಲಸ ಮಾಡ್ತಿದ್ದಾಗ ನಾನೂ ಟೇಪ್ ಕಿತ್ತು ಬಿಸಾಕಿದವಳೇ, ಯಾರೂ ಬೇರೆ ಥರ ಕಲಿಸಿರಲಿಲ್ಲ. ಒಂದು ಮಾತು ಸೇರಿಸ್ತೀನಿ: ಪುಸ್ತಕದಲ್ಲಿ "ಕೆಂಪಾಗುತ್ತೆ" ಅಂತ ಇರುತ್ತೆ, ನಮ್ಮ ಕಂದು ಚರ್ಮದಲ್ಲಿ ಕೆಂಪು ಅಷ್ಟಾಗಿ ಕಾಣಲ್ಲ. ಕೈ ಇಟ್ಟು ನೋಡಬೇಕು, ಬಿಸಿ ಇದೆಯಾ, ಗಟ್ಟಿ ಆಗಿದೆಯಾ ಅಂತ. ಇಲ್ಲಾಂದ್ರೆ ಮಾರನೇ ದಿನ ಗುಳ್ಳೆ ಎದ್ದಾಗಲೇ ಗೊತ್ತಾಗೋದು.

ಕುಡ್ಲದ ಕಡಲು
ಗುಳ್ಳೆ ಅಂದದ್ದಕ್ಕೆ ನೆನಪಾಯ್ತು ಮಾರಾಯ್ರೆ. ನಮ್ಮ ದೊಡ್ಡಮ್ಮನಿಗೆ ಮಂಡಿ ಬದಲಾಯಿಸಿದ್ದು. ಎರಡನೇ ದಿನ ಡ್ರೆಸ್ಸಿಂಗಿನ ಅಂಚಿಗೇ ಸಾಲಾಗಿ ನೀರುಗುಳ್ಳೆ, ನೇರಳೆ ಹಣ್ಣಿನಷ್ಟು ದೊಡ್ಡದು. ನಾವು ಕಾಲಿಗೆ ಇನ್ಫೆಕ್ಷನ್ ಆಯ್ತೂಂತ ಹೆದರಿ ಸತ್ತೆವು. ಆಮೇಲೆ ಹೇಳಿದ್ರು, ಕಾಲು ಬಾತದ್ದು, ಹಿಗ್ಗದ ಟೇಪನ್ನು ಎಳೆದು ಅಂಟಿಸಿದ್ದು, ಅದಕ್ಕೇ ಅಂತ. ಗುಳ್ಳೆ ಒಡೆದದ್ದಕ್ಕೆ ಫಿಸಿಯೋ ನಾಲ್ಕು ದಿನ ಹಿಂದೆ ಬಿತ್ತು.

ಜೋಳದ ರೊಟ್ಟಿ
ನಮ್ಮಪ್ಪಗ ವಾರಕ್ಕ ಮೂರು ಸಲ ಡಯಾಲಿಸಿಸ್. ಪ್ರತಿ ಸಲ ಸೂಜಿ ಹಿಡಿಯಾಕ ಅದ ಕೈಗೆ, ಅದ ಜಾಗಕ್ಕ ಟೇಪು. ತೊಗಲು ಕರ್ರಗಾಗಿ ಕಾಗದಧಂಗ ಆಗೇತಿ. ನೀವೆಲ್ಲಾ ಒಂದ ಆಪರೇಷನ್ ಮಾತಾಡ್ತೀರಿ, ನಮಗ ಇದು ವರ್ಷಾನಗಟ್ಟಲೆ. ಏನ್ ಮಾಡಬೇಕ್ರಿ?

ಓಟಿ ಸಿಸ್ಟರ್ ಮೈಸೂರು
ಅಣ್ಣಾವ್ರೇ, ನಿಮ್ಮ ತಂದೆಯವರಿಗೆ ಇದು ಇನ್ನೂ ಮುಖ್ಯ. ಒಂದೊಂದು ಸಲ ಟೇಪ್ ಕಿತ್ತಾಗಲೂ ಮೇಲಿನ ಕೆಲವು ಪದರ ಜೀವಕೋಶ ಹೋಗುತ್ತೆ, ಮತ್ತೆ ಬೆಳೆಯೋ ಮೊದಲೇ ಇನ್ನೊಂದು ಟೇಪ್ ಬೀಳುತ್ತೆ. ಟೇಪ್ ಹಾಕೋ ಮುಂಚೆ ಬ್ಯಾರಿಯರ್ ಫಿಲ್ಮ್ ಅಂತ ಸವರೋ ದ್ರವ ಬರುತ್ತೆ, ಒಣಗಿದ್ರೆ ಚರ್ಮದ ಮೇಲೆ ತೆಳು ಪೊರೆ ಕೂರುತ್ತೆ. ಕೇಳಿ ನೋಡಿ. ಪೇಪರ್ ಟೇಪ್ ಸಾಕಾಗುತ್ತಾ ಅಂತಲೂ ಕೇಳಿ, ಜಾಗ ಸ್ವಲ್ಪ ಸ್ವಲ್ಪ ಬದಲಿಸೋಕೆ ಹೇಳಿ. ಆದ್ರೆ ಸೂಜಿ ಕೈ, ನೀವಾಗೇ ಮನೇಲಿ ಎಣ್ಣೆ ಗಿಣ್ಣೆ ಹಚ್ಚಿಕೊಂಡು ಹೋಗಬೇಡಿ. ಟೇಪ್ ಜಾರಿ ಸೂಜಿ ಬಿಟ್ಟುಕೊಂಡ್ರೆ ರಕ್ತ ಹೋಗುತ್ತೆ.

ಅಡುಗೆಮನೆ ಅಜ್ಜಿ
ಕೆನ್ನೆ ಗಾಯಕ್ಕೆ ಅರಿಶಿನ ಮತ್ತು ಬೆಣ್ಣೆ ಕಲಸಿ ಹಚ್ಚಿ ಮಗು. ಮೂರು ದಿನಕ್ಕೆ ಒಣಗುತ್ತೆ.

ಚರ್ಮದ ಡಾಕ್ಟರ್
ಅಜ್ಜಿ, ಕಣ್ಣಿನ ಪಕ್ಕದ ಹಸಿ ಗಾಯಕ್ಕೆ ಅರಿಶಿನ ಬೇಡ, ಪುಡಿ ಕಣ್ಣಿಗೆ ಬಿದ್ರೆ ಇನ್ನೊಂದು ತೊಂದ್ರೆ. ಸ್ಪಿರಿಟ್, ಡೆಟಾಲ್, ಟೂತ್‌ಪೇಸ್ಟ್ ಇವೂ ಬೇಡ. ಸಲೈನ್‌ನಲ್ಲಿ ಮೆಲ್ಲಗೆ ತೊಳೆದು, ಬಿಳಿ ವ್ಯಾಸಲೀನ್ ಅಥವಾ ಅಂಟದ ಪ್ಯಾರಾಫಿನ್ ಗಾಜ್ ಬಟ್ಟೆ. ಚರ್ಮದ ತುಣುಕು ಇನ್ನೂ ತೂಗ್ತಾ ಇದ್ರೆ ಕತ್ತರಿಸಬೇಡಿ. ಅದನ್ನೇ ಒದ್ದೆ ಹತ್ತಿಯಲ್ಲಿ ಜಾಗಕ್ಕೆ ಸರಿಸಿ ಕೂರಿಸೋದು ಮೊದಲ ದಿನದ ಕೆಲಸ. ಮುಖ್ಯವಾಗಿ ಗಾಯದ ಮೇಲಿನ ಗಾಜ್ ಬಟ್ಟೆಯನ್ನ ಹಿಡಿಸೋಕೆ ಮತ್ತೆ ಟೇಪ್ ಹಾಕಬೇಡಿ! ದಿನಾ ಇದನ್ನ ನೋಡ್ತೀನಿ. ರೆಪ್ಪೆ ಅಂಚು ಹರಿದಿದೆ ಅಂದಿರಿ, ಅದನ್ನ ಈ ವಾರವೇ ಕಣ್ಣಿನ ಡಾಕ್ಟರಿಗೆ ತೋರಿಸಿ, ಪೊರೆ ಆಪರೇಷನ್‌ವರೆಗೆ ಕಾಯಬೇಡಿ.

ವಾಸಿ ಆದ್ಮೇಲೆ ಆ ಪಟ್ಟಿ ಕಪ್ಪಾಗುತ್ತೆ. ನಮ್ಮ ಬಣ್ಣದ ಚರ್ಮಕ್ಕೆ ಅದು ಸಹಜ, ಕೆಲವು ತಿಂಗಳು ಬೇಕು ತಿಳಿಯಾಗೋಕೆ. ಬಿಸಿಲಿಗೆ ಸೆರಗು, ಸನ್‌ಸ್ಕ್ರೀನ್. ಅಮ್ಮನಿಗೆ ಇದನ್ನ ಈಗಲೇ ಹೇಳಿಬಿಡಿ, ಕಪ್ಪಾದಾಗ ಮತ್ತೆ ಗಾಬರಿ ಆಗಬಾರದು.

ದಾವಣಗೆರೆ ಬೆಣ್ಣೆ
ಡಾಕ್ಟ್ರೇ, ನಮ್ಮತ್ತೆಗೆ ಸ್ಟಿಕ್ಕರ್ ಬೊಟ್ಟು ಇಟ್ಟು ಇಟ್ಟು ಹಣೆ ಮೇಲೆ ಬೆಳ್ಳಗೆ ಮಚ್ಚೆ ಬಿದ್ದಿದೆ. ಮುಂದಿನ ತಿಂಗಳು ಗಾಲ್ ಬ್ಲಾಡರ್ ಆಪರೇಷನ್. ಟೇಪಿಗೂ ಹಂಗೇ ಆಗುತ್ತಾ?

ಚರ್ಮದ ಡಾಕ್ಟರ್
ಬಹಳ ಒಳ್ಳೇ ಪ್ರಶ್ನೆ. ಕೆಲವು ಬೊಟ್ಟಿನ ಅಂಟಲ್ಲಿ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಅನ್ನೋ ರಾಸಾಯನಿಕ ಇರುತ್ತೆ, ಬಣ್ಣ ಕೊಡೋ ಜೀವಕೋಶವನ್ನೇ ಅದು ಕೊಲ್ಲುತ್ತೆ. ಟೇಪಿನ ಅಂಟು ಎಲ್ಲವೂ ಅದೇ ಅಲ್ಲ, ಆದ್ರೆ ಅಂಟಿಗೆ ಚರ್ಮ ಹೀಗೆ ತಿರುಗಿಬಿದ್ದ ಕಥೆ ಇದ್ರೆ ಅದನ್ನ ಆಪರೇಷನ್‌ಗೆ ಮುಂಚೆ ಹೇಳಲೇಬೇಕು. "ಔಷಧಿ ಅಲರ್ಜಿ ಇದೆಯಾ" ಅಂತ ಕೇಳಿದಾಗ ನಮ್ಮವರು "ಇಲ್ಲ" ಅಂತಾರೆ, ಬೊಟ್ಟು ಔಷಧಿ ಅಲ್ವಲ್ಲ ಅಂತ. ಹಳೇ ಥರದ ದಪ್ಪ ಪ್ಲಾಸ್ಟರಿನ ಅಂಟಿನಲ್ಲಿ ರಬ್ಬರ್ ಜೊತೆ ಪೈನ್ ಮರದ ರಾಳ ಸೇರಿಸೋದುಂಟು, ಅದಕ್ಕೂ ಅಲರ್ಜಿ ಆಗೋರಿದ್ದಾರೆ. ಅಲರ್ಜಿ ಆದ್ರೆ ತುರಿಕೆ ಜಾಸ್ತಿ, ಒಂದೆರಡು ದಿನ ಬಿಟ್ಟು ಏಳುತ್ತೆ, ಪಟ್ಟಿ ಅಂಚು ದಾಟಿ ಹರಡುತ್ತೆ. ತುಂಗಾ ದಡ ಅವರ ತಾಯಿಗೆ ಆದದ್ದು ಅಲರ್ಜಿ ಅಲ್ಲ, ಎಳೆದ ಗಾಯ.

ಶ್ರುತಿ ಪೆಟ್ಟಿಗೆ
ಪೈನ್ ರಾಳ ಅಂದ್ರೆ ಪಿಟೀಲಿನ ಕಮಾನಿಗೆ ಉಜ್ಜೋದಾ? ಅದನ್ನ ಮುಟ್ಟಿದ್ರೆ ನನ್ನ ಬೆರಳು ತುರಿಸುತ್ತೆ. ಸಿಸೇರಿಯನ್ ಆದಾಗ ಪ್ಲಾಸ್ಟರ್ ಸುತ್ತ ಹೊಟ್ಟೆಯೆಲ್ಲ ಕೆರೆದು ರಕ್ತ ಬಂದಿತ್ತು. ಹನ್ನೊಂದು ವರ್ಷ ಆಯ್ತು, ಇವತ್ತು ಅರ್ಥ ಆಗ್ತಿದೆ!

ಚರ್ಮದ ಡಾಕ್ಟರ್
ಅದೇ ರಾಳ. ಅಲರ್ಜಿ ಕಂಡುಹಿಡಿಯೋ ಪ್ಯಾಚ್ ಪರೀಕ್ಷೆ ಮಾಡಿಸಿ, ಖಚಿತ ಆದ್ರೆ ಚೀಟಿಯಲ್ಲಿ ಬರೆಸಿ ಪರ್ಸಲ್ಲಿಟ್ಕೊಳ್ಳಿ.

ಕಾಫಿ ತೋಟ
ಮೂಗುಬೊಟ್ಟು ಬಿಚ್ಚೋಕೆ ಬರದೆ ಅದರ ಮೇಲೇ ಟೇಪ್ ಅಂಟಿಸ್ತಾರಲ್ಲ, ನಮ್ಮಮ್ಮನಿಗೆ ಅದನ್ನ ಕೀಳುವಾಗ ಹೊಳ್ಳೆ ಪಕ್ಕ ಸುಲಿದಿತ್ತು. ಬಳೆ ಮೇಲೂ ಹಾಗೇ ಸುತ್ತಿದ್ರು. ಒಂದು ವಾರ ಮುಂಚೆ ಅಕ್ಕಸಾಲಿಗರ ಹತ್ರ ಹೋಗಿ ಬಿಚ್ಚಿಸಿಕೊಂಡು ಹೋಗೋದೇ ವಾಸಿ.

ಹಳೇ ಹುಬ್ಬಳ್ಳಿ
ಕೂದಲಾ ತೆಗಿಯೂದೂ ಹಂಗ ನೋಡ್ರಿ. ನನ್ನ ಹರ್ನಿಯಾಕ್ಕ ಬ್ಲೇಡಿಲೆ ಕೆರದ್ರು, ಅದರ ಮ್ಯಾಲ ಪ್ಲಾಸ್ಟರ್. ಉರಿ ಅಂದ್ರ ಉರಿ.

ಓಟಿ ಸಿಸ್ಟರ್ ಮೈಸೂರು
ಬ್ಲೇಡು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ಕೂದಲು ತೆಗೆಯಲೇಬೇಕು ಅಂದ್ರೆ ಕ್ಲಿಪ್ಪರ್. ಬ್ಲೇಡಿನ ಸಣ್ಣ ಸಣ್ಣ ಗೀರಿನ ಮೇಲೆ ಅಯೋಡಿನ್ ಒಣಗೋ ಮೊದಲೇ ಟೇಪ್ ಹಾಕಿದ್ರೆ ಉರಿಯದೇ ಇರುತ್ತಾ? ಟೇಪಿನ ಕೆಳಗೆ ಒದ್ದೆ ಅಯೋಡಿನ್ ಸಿಕ್ಕಿಕೊಂಡ್ರೆ ಚರ್ಮ ಸುಟ್ಟ ಹಾಗೇ ಆಗುತ್ತೆ.

ಕರಿ ಕೋಟು
ವಕೀಲ ನಾನು. ಹಣ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿನಡಿ ಬರುತ್ತೆ ಅಂತ ಸುಪ್ರೀಂ ಕೋರ್ಟ್ 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲೇ ತೀರ್ಪು ಕೊಟ್ಟಿದೆ. ದೂರು ಕೊಡೋಕೆ ಎರಡು ವರ್ಷ ಗಡುವು. ಆದ್ರೆ ಗಾಯ ಆಯ್ತು ಅಂದಮಾತ್ರಕ್ಕೆ ನಿರ್ಲಕ್ಷ್ಯ ಸಾಬೀತಾಗಲ್ಲ. ಮೊದಲು ದಾಖಲೆ ಕೇಳಿ: ಅರಿವಳಿಕೆ ಚಾರ್ಟ್, ನರ್ಸ್ ನೋಟ್ಸ್. ಬರೆದು ಕೇಳಿದ್ರೆ 72 ಗಂಟೆಯೊಳಗೆ ಕೊಡಬೇಕು ಅನ್ನೋದು ವೈದ್ಯರ 2002ರ ನಿಯಮಾವಳಿಯಲ್ಲೇ ಇದೆ. ದಿನಾಂಕ ಕಾಣೋ ಹಾಗೆ ಗಾಯದ ಫೋಟೋ ತೆಗೆದಿಡಿ.

ತುಂಗಾ ದಡ
ಎಲ್ರಿಗೂ ತುಂಬಾ ಥ್ಯಾಂಕ್ಸ್. ಕೇಸ್ ಹಾಕೋ ಮನಸ್ಸಿಲ್ಲ ನನಗೆ. ಅಮ್ಮನೂ ಬೇಡ ಅಂತಾರೆ, "ಕಾಲು ಕೊಟ್ಟೋರ ಮೇಲೆ ದೂರು ಕೊಡ್ತೀಯಾ" ಅಂತ. ಆದ್ರೆ ಸಮ್ಮರಿಯಲ್ಲಿ ಬರೀರಿ ಅಂತ ಪತ್ರ ಕೊಡ್ತೀನಿ. ಮುಂದಿನ ಡಾಕ್ಟರಿಗೆ ಗೊತ್ತಾಗೋದಾದ್ರೂ ಹೇಗೆ ಇಲ್ಲಾಂದ್ರೆ?

ನಿದ್ದೆ ಡಾಕ್ಟ್ರು
ಖಂಡಿತ ಕೊಡಿ. ನನ್ನ ರೋಗಿಯ ಮನೆಯವರು ಹೀಗೆ ಕೇಳಿದ್ರೆ ನನಗೆ ಬೇಜಾರಾಗಲ್ಲ. ಎಷ್ಟೋ ಸಲ ಗಾಯ ಕಾಣೋ ಹೊತ್ತಿಗೆ ರೋಗಿ ವಾರ್ಡಿನಲ್ಲಿರ್ತಾರೆ, ನಾವು ಮುಂದಿನ ಕೇಸಲ್ಲಿ. ನಮಗೆ ಸುದ್ದಿಯೇ ಬರಲ್ಲ.

ಬೆಳಕು
ಕಣ್ಣಿನ ಆಸ್ಪತ್ರೆಯಲ್ಲಿ ಸಹಾಯಕ ನಾನು. ಪೊರೆ ಆಪರೇಷನ್ ಬಗ್ಗೆ ಯಾರೂ ಹೇಳ್ಲಿಲ್ಲ ಇನ್ನೂ. ಕಣ್ಣ ಮೇಲೆ ಹಾಕೋ ಪ್ಲಾಸ್ಟಿಕ್ ಹಾಳೆಗೂ ಅಂಟಿರುತ್ತೆ. ರೆಪ್ಪೆಕೂದಲನ್ನ ಆಚೆ ಹಿಡಿದಿಡೋಕೆ ಅದು ಬೇಕು. ಮುಗಿದ ಮೇಲೆ ಕಣ್ಣಿಗೆ ತೂತಿರೋ ಮುಚ್ಚಳ ಇಟ್ಟು ಕೆನ್ನೆಗೂ ಹಣೆಗೂ ಟೇಪ್ ಹಾಕೋದು ರೂಢಿ. ಹಸಿ ಗಾಯ ಇದ್ದಾಗ ಡಾಕ್ಟ್ರೇ ಮುಂದೂಡ್ತಾರೆ, ಸೋಂಕಿನ ಭಯ. ಪೂರ್ತಿ ವಾಸಿ ಆದ್ಮೇಲೆ ದಿನ ಹಾಕಿಸಿಕೊಳ್ಳಿ. ಹೋದ ತಕ್ಷಣ ಹೇಳಿ, ಸಿಲಿಕೋನ್ ಟೇಪ್ ನೀವೇ ಕೊಂಡು ಒಯ್ದರೂ ಆಯ್ತು, ಇಲ್ಲಿ ಟ್ಯೂಬಿನಂಥ ಭಾರ ಏನಿಲ್ಲ, ಅದು ಧಾರಾಳವಾಗಿ ಸಾಕು. ಪೇಪರ್ ಟೇಪಿಗಿಂತ ಬೆಲೆ ಜಾಸ್ತಿ, ಒಂದು ಸುರುಳಿ ತುಂಬಾ ದಿನ ಬರುತ್ತೆ.

ಅಡುಗೆಮನೆ ಅಜ್ಜಿ
ಅರಿಶಿನ ಬೇಡ ಅಂದಿದ್ದು ಸರಿ. ಒಣಗಿದ ಟೇಪ್ ಬಿಡಿಸೋಕೆ ಕೊಬ್ಬರಿ ಎಣ್ಣೆ ಆದ್ರೂ ಹಚ್ಚಬಹುದೋ ಇಲ್ಲವೋ?

ಚರ್ಮದ ಡಾಕ್ಟರ್
ಹಚ್ಚಬಹುದು ಅಜ್ಜಿ. ಗಾಯ, ಹೊಲಿಗೆ, ಸೂಜಿ ಇಲ್ಲದ ಕಡೆ, ಅಂಚಿಗೆ ಹಚ್ಚಿ ಎರಡು ನಿಮಿಷ ಬಿಟ್ಟು ಬಿಡಿಸಿ. ಮತ್ತೆ ಟೇಪ್ ಹಾಕೋದಿದ್ರೆ ಮಾತ್ರ ಎಣ್ಣೆ ಪೂರ್ತಿ ಒರೆಸಬೇಕು.

ತುಂಗಾ ದಡ (ಮೂರು ತಿಂಗಳ ನಂತರ)
ಹಳೇ ಚರ್ಚೆ ಮೇಲೆತ್ತಿದ್ದಕ್ಕೆ ಕ್ಷಮಿಸಿ. ಮೊನ್ನೆ ಗುರುವಾರ ಪೊರೆ ಆಪರೇಷನ್ ಮುಗೀತು.

ಮೊದಲ ಆಸ್ಪತ್ರೆಗೆ ಪತ್ರ ಕೊಟ್ಟಿದ್ದೆ. ಹತ್ತು ದಿನ ಉತ್ತರ ಇಲ್ಲ, ಆಮೇಲೆ ಅರಿವಳಿಕೆ ವಿಭಾಗದವರೇ ಫೋನ್ ಮಾಡಿ ಬೇಜಾರು ಹೇಳ್ಕೊಂಡ್ರು, ತಿದ್ದಿದ ಸಮ್ಮರಿ ಕಳಿಸಿದ್ರು. ಅದನ್ನೇ ಕಣ್ಣಿನ ಆಸ್ಪತ್ರೆಯಲ್ಲಿ ತೋರಿಸಿದೆ. ಅಲ್ಲಿನ ಸಿಸ್ಟರ್ ಅಮ್ಮನ ಮುಂಗೈ ಚರ್ಮ ಮೆಲ್ಲಗೆ ಚಿವುಟಿ ನೋಡಿ, ನಾನು ಒಯ್ದಿದ್ದ ಟೇಪನ್ನೇ ಮೂರು ತುಂಡು ಮಾಡಿ, ಪ್ರತಿ ತುಂಡಿನ ತುದಿ ಒಂದಿಷ್ಟು ಮಡಚಿಟ್ಟುಕೊಂಡ್ರು, ತೆಗೀವಾಗ ಉಗುರಲ್ಲಿ ಕೆರೆಯೋ ಹಾಗಿರಬಾರದು ಅಂತ. ಮಾರನೇ ಬೆಳಿಗ್ಗೆ ಅದನ್ನ ಬಿಡಿಸಿದ್ದು ಅಮ್ಮನೇ. ಕೆನ್ನೆ ಮೇಲಿನ ಕಪ್ಪು ಪಟ್ಟಿ ಇನ್ನೂ ಇದೆ, ತಿಳಿ ಆಗ್ತಿದೆ. ಆ ಕಣ್ಣಲ್ಲಿ ಈಗ ಚೆನ್ನಾಗಿ ಕಾಣ್ತಿದೆಯಲ್ಲ, ಅದನ್ನ ದಿನಾ ಕನ್ನಡಿಯಲ್ಲಿ ನೋಡ್ಕೊಂಡು ಎಷ್ಟು ಕಡಿಮೆ ಆಯ್ತು ಅಂತ ನನ್ನನ್ನ ಕೇಳ್ತಾರೆ.

ಜೋಳದ ರೊಟ್ಟಿ
ಭಾಳ ಖುಷಿ ಆತ್ರಿ. ಅಪ್ಪಗ ಫಿಲ್ಮ್ ಹಚ್ಚಾಕ ಸುರು ಮಾಡ್ಯಾರ, ತೊಗಲು ಈಗ ಒಡಿಯೂದಿಲ್ಲ. ಆ ಟೇಪ್ ನಿಮಗ ಎಲ್ಲಿ ಸಿಕ್ತು? ನಮ್ಮ ಕಡೆ ಅಂಗಡ್ಯಾಗ ಕೇಳಿದ್ರ ಇಲ್ಲ ಅಂತಾರ.

ತುಂಗಾ ದಡ
ಸಾಮಾನ್ಯ ಮೆಡಿಕಲ್‌ನಲ್ಲಿ ಸಿಗ್ಲಿಲ್ಲ ಸರ್. ಸರ್ಜಿಕಲ್ ಸಾಮಾನು ಮಾರೋ ಅಂಗಡಿಯಲ್ಲಿ ಹೇಳಿ ತರಿಸ್ಕೊಂಡೆ, ನಾಲ್ಕು ದಿನ ಆಯ್ತು. ನನ್ನ ಹತ್ರ ಅರ್ಧ ಸುರುಳಿ ಉಳಿದಿದೆ, ಇನ್‌ಬಾಕ್ಸಿನಲ್ಲಿ ವಿಳಾಸ ಕೊಟ್ರೆ ಕಳಿಸ್ತೀನಿ.